ಕೊನೆಯ ಬೋಗಿ ಬಂದಿತೇ? ಘಾಟಿ ರೈಲಿನ ಮಾದರಿಗೆ ತಂತ್ರಾಂಶ ಆರಿಸಿ ಕಲಿತ ಪ್ರಕರಣ

ಹಾಸನದ ಕೆ.ಆರ್. ಪುರಂನಲ್ಲಿ ನಮ್ಮ ದೊಡ್ಡಪ್ಪನ ಮನೆ. ಮಹಡಿಯ ಮೇಲೆ ಶೀಟು ಹೊದಿಸಿದ ಉದ್ದನೆಯ ಕೋಣೆಯೊಂದಿದೆ. ಮೊದಲು ಅಲ್ಲಿ ಕಾಫಿ ಚೀಲ, ಹಳೆಯ ಮಂಚ, ಗೌರಿ ಹಬ್ಬದ ಮಂಟಪ ಇರುತ್ತಿದ್ದವು. ಈಗ ಎರಡು ಗೋಡೆಗಳ ಉದ್ದಕ್ಕೂ ಸಕಲೇಶಪುರದ ಘಾಟಿ ರೈಲುಮಾರ್ಗವಿದೆ. ಸಿಲ್ವರ್ ಮರದ ಚೌಕಟ್ಟು, ಅದರ ಮೇಲೆ ಪ್ಲೈವುಡ್, ಪ್ಲೈವುಡ್ ಮೇಲೆ 16.5 ಮಿಲಿಮೀಟರ್ ಅಗಲದ ಹಳಿ. ಅಸಲಿಗಿಂತ 87 ಪಟ್ಟು ಚಿಕ್ಕದಾದ, ಎಚ್‌ಒ ಎಂದು ಕರೆಯುವ ಅಳತೆ ಇದು. ನಮ್ಮ ಬ್ರಾಡ್‌ಗೇಜಿನ 1,676 ಮಿಲಿಮೀಟರನ್ನು 87ರಿಂದ ಭಾಗಿಸಿದರೆ 19ಕ್ಕಿಂತ ಹೆಚ್ಚು ಬರುತ್ತದೆ. ಸಿದ್ಧವಾಗಿ ಸಿಗುವ ಹಳಿ 16.5 ಆದ್ದರಿಂದ ಅಲ್ಲೊಂದು ರಾಜಿ ಮಾಡಿಕೊಳ್ಳಬೇಕಾಯಿತು.

ದೊಡ್ಡಪ್ಪ ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದವರು. ಹಾಸನ–ಮಂಗಳೂರು ಮಾರ್ಗ 1979ರಲ್ಲಿ ಮೀಟರ್ ಗೇಜ್ ಆಗಿ ಆರಂಭವಾಯಿತು. ತೊಂಬತ್ತರ ದಶಕದಲ್ಲಿ ಗೇಜ್ ಪರಿವರ್ತನೆಗಾಗಿ ಮುಚ್ಚಿತು. 2007ರ ಡಿಸೆಂಬರ್‌ನಲ್ಲಿ ಪ್ರಯಾಣಿಕರ ರೈಲು ಬ್ರಾಡ್‌ಗೇಜಿನ ಮೇಲೆ ಮತ್ತೆ ಓಡಿತು. ಎರಡೂ ಕಾಲದಲ್ಲಿ ಅವರು ಆ ಮಾರ್ಗದಲ್ಲಿ ದುಡಿದಿದ್ದಾರೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ ಸುಮಾರು 55 ಕಿಲೋಮೀಟರ್, 57 ಸುರಂಗ, 50ಕ್ಕೆ 1ರ ಏರು. ಮಾದರಿಯಲ್ಲಿ ಸಕಲೇಶಪುರ, ದೋಣಿಗಲ್, ಯಡಕುಮರಿ ಎಂಬ ಮೂರು ನಿಲ್ದಾಣಗಳು ಮಾತ್ರ ಇವೆ. ಕಡಗರವಳ್ಳಿಗೆ ಜಾಗ ಸಾಲಲಿಲ್ಲ, ಅದು ಅವರಿಗೆ ಇಂದಿಗೂ ಕೊರಗು. ಏರು ಮಾತ್ರ ಅಸಲಿನದೇ: ನಾಲ್ಕು ಮೀಟರ್ ಹಳಿಗೆ ಎಂಟು ಸೆಂಟಿಮೀಟರ್.

ಎಷ್ಟೋ ವರ್ಷ ಅವರು ಒಂದು ಕಪ್ಪು ಪೆಟ್ಟಿಗೆಯ ಗುಂಡಿ ತಿರುಗಿಸಿ ಒಂದೇ ಎಂಜಿನ್ ಓಡಿಸುತ್ತಿದ್ದರು. ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಕಂಪ್ಯೂಟರಿನಿಂದ ನಡೆಸಬೇಕೆಂಬ ಆಸೆ ಹುಟ್ಟಿತು. ನಾನು ಇಲ್ಲೇ ಒಂದು ಕಾಲೇಜಿನಲ್ಲಿ ಗಣಕ ವಿಜ್ಞಾನ ಪಾಠ ಮಾಡುವುದರಿಂದ ನನ್ನನ್ನು ಕರೆದರು. ಮುಂದಿನ ಹದಿನಾಲ್ಕು ತಿಂಗಳಲ್ಲಿ ಆದದ್ದನ್ನು ಆದಂತೆಯೇ ಇಲ್ಲಿ ಬರೆಯುತ್ತಿದ್ದೇನೆ. ಇದೇ ದಾರಿಯಲ್ಲಿ ಹೊರಟವರು ನಮ್ಮ ನಾಡಿನಲ್ಲಿ ಇನ್ನೂ ಕೆಲವರಾದರೂ ಇದ್ದಾರೆ, ಅವರಿಗೆ ಕನ್ನಡದಲ್ಲಿ ಓದಲು ಏನೂ ಸಿಗುತ್ತಿಲ್ಲ.

ಅವರಿಗೆ ಬೇಕಾಗಿದ್ದದ್ದು

ಮೊದಲ ದಿನ ನಾನು ಕೇಳಿದ ಪ್ರಶ್ನೆ ಒಂದೇ: ಕಂಪ್ಯೂಟರ್ ಏನು ಮಾಡಬೇಕು? ಎಲ್ಲ ರೈಲುಗಳನ್ನೂ ತಾನೇ ಓಡಿಸಬೇಕು ಎನ್ನುತ್ತಾರೆ ಎಂದುಕೊಂಡಿದ್ದೆ.

"ಅಲ್ಲ ಮಗು, ಕೈಕಟ್ಟಿ ಕುಳಿತು ನೋಡುವುದು ನನಗೆ ಬೇಡ," ಎಂದರು. "ನಾನು ಯಡಕುಮರಿಯಲ್ಲಿ ಡ್ಯೂಟಿಯ ಮೇಲಿರಬೇಕು. ದೋಣಿಗಲ್‌ನಿಂದ ಲೈನ್ ಕ್ಲಿಯರ್ ಕೇಳಬೇಕು, ನಾನು ಕೊಡಬೇಕು. ಸೆಕ್ಷನ್‌ನಲ್ಲಿ ಗಾಡಿ ಇದ್ದಾಗ ನಾನು ಮರೆತು ಕೊಟ್ಟರೂ ಅದು ಒಪ್ಪಬಾರದು."

ಈ ಮಾತುಗಳನ್ನು ಅಂದೇ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಒಂಟಿ ಮಾರ್ಗದಲ್ಲಿ ಎರಡು ನಿಲ್ದಾಣಗಳ ನಡುವಿನ ಭಾಗಕ್ಕೆ ಬ್ಲಾಕ್ ಸೆಕ್ಷನ್ ಎಂದು ಹೆಸರು. ಅದರೊಳಗೆ ಒಂದು ಹೊತ್ತಿಗೆ ಒಂದೇ ಗಾಡಿ. ಮುಂದಿನ ನಿಲ್ದಾಣದವರು ಒಪ್ಪಿಗೆ ಕೊಡದೆ ಗಾಡಿ ಬಿಡುವಂತಿಲ್ಲ. ಆ ಒಪ್ಪಿಗೆಯೇ ಲೈನ್ ಕ್ಲಿಯರ್. ಹಿಂದೆ ನೀಲ್ಸ್ ಟೋಕನ್ ಯಂತ್ರದಿಂದ ಲೋಹದ ಗುಂಡು ಹೊರಬಂದರೆ ಮಾತ್ರ ಚಾಲಕನಿಗೆ ಹೊರಡುವ ಅಧಿಕಾರ ಸಿಗುತ್ತಿತ್ತು. ಇಬ್ಬರು ಸ್ಟೇಷನ್ ಮಾಸ್ಟರ್‌ಗಳು ಫೋನಿನಲ್ಲಿ ಗುಪ್ತಸಂಖ್ಯೆ ಹೇಳಿ ಮಾತನ್ನು ಖಚಿತಪಡಿಸಿಕೊಂಡು, ಎಲ್ಲವನ್ನೂ ನಿಮಿಷ ಸಹಿತ ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು. ಮಾದರಿ ರೈಲಿನ ತಂತ್ರಾಂಶಗಳಲ್ಲೂ ಬ್ಲಾಕ್ ಎಂಬ ಪದವೇ ಬಳಕೆಯಲ್ಲಿದೆ, ಅರ್ಥವೂ ಹೆಚ್ಚುಕಡಿಮೆ ಅದೇ: ಒಂದು ಹೊತ್ತಿಗೆ ಒಂದೇ ಗಾಡಿ ಇರಬೇಕಾದ ಹಳಿಯ ತುಂಡು. ಇದು ಗೊತ್ತಾದ ದಿನ ದೊಡ್ಡಪ್ಪನ ಹೆದರಿಕೆ ಅರ್ಧ ಇಳಿಯಿತು.

ಆಯ್ಕೆ

ತಂತ್ರಾಂಶಕ್ಕಿಂತ ಮೊದಲು ಹಳಿಗೆ ಡಿಜಿಟಲ್ ವ್ಯವಸ್ಥೆ ಬೇಕು. ಹಳೆಯ ಪೆಟ್ಟಿಗೆಯಲ್ಲಿ ಹಳಿಯ ವೋಲ್ಟೇಜ್ ಹೆಚ್ಚು ಕಡಿಮೆಯಾದಂತೆ ಎಂಜಿನ್ ವೇಗ ಬದಲಾಗುತ್ತದೆ. ಹೊಸ ಪದ್ಧತಿಯಾದ ಡಿಸಿಸಿಯಲ್ಲಿ (ಡಿಜಿಟಲ್ ಕಮಾಂಡ್ ಕಂಟ್ರೋಲ್) ಹಳಿಯ ಮೇಲೆ ಯಾವಾಗಲೂ ಪೂರ್ತಿ ವೋಲ್ಟೇಜ್ ಇರುತ್ತದೆ. ಅದರ ಧ್ರುವ ಕ್ಷಣಕ್ಷಣಕ್ಕೂ ಅದಲುಬದಲಾಗುತ್ತಾ ಆಜ್ಞೆಯನ್ನು ಹೊತ್ತೊಯ್ಯುತ್ತದೆ: 58 ಮೈಕ್ರೋಸೆಕೆಂಡಿನ ಮಿಡಿತವಾದರೆ ಒಂದು, 100 ಮೈಕ್ರೋಸೆಕೆಂಡಿನದಾದರೆ ಸೊನ್ನೆ. ಎಂಜಿನ್ನಿನೊಳಗಿನ ಡಿಕೋಡರ್ ತನ್ನ ವಿಳಾಸಕ್ಕೆ ಬಂದ ಆಜ್ಞೆಯನ್ನು ಮಾತ್ರ ಪಾಲಿಸುತ್ತದೆ. ಜರ್ಮನಿಯ ಲೆನ್ಜ್ ಸಂಸ್ಥೆಯ ವಿನ್ಯಾಸವನ್ನು ಆಧರಿಸಿ ಅಮೆರಿಕದ ರಾಷ್ಟ್ರೀಯ ಮಾದರಿ ರೈಲು ಸಂಘ ತೊಂಬತ್ತರ ದಶಕದಲ್ಲಿ ಇದನ್ನು ಮಾನಕವಾಗಿ ಒಪ್ಪಿತು. ಹಾಗಾಗಿ ಈ ಮಾನಕ ಪಾಲಿಸುವ ಯಾವ ಕಂಪನಿಯ ಎಂಜಿನ್ನಾದರೂ ಅದನ್ನೇ ಪಾಲಿಸುವ ಯಾವ ಕಂಪನಿಯ ನಿಯಂತ್ರಕಕ್ಕಾದರೂ ಹೊಂದುತ್ತದೆ.

ನಿಯಂತ್ರಕಕ್ಕೆ ಡಿಸಿಸಿ-ಇಎಕ್ಸ್ ಎಂಬ ಮುಕ್ತ ಯೋಜನೆಯನ್ನು ಹಿಡಿದೆವು. ಅರ್ಡುಯಿನೊ ಮೆಗಾ ಎಂಬ ಪುಟ್ಟ ಗಣಕ ಬೋರ್ಡು, ಅದರ ಮೇಲೆ ಹಳಿಗೆ ವಿದ್ಯುತ್ ಕೊಡುವ ಮೋಟರ್ ಶೀಲ್ಡ್ ಎಂಬ ಇನ್ನೊಂದು ಬೋರ್ಡು, ಅಷ್ಟೇ. ಕಾಲೇಜಿನ ಪ್ರಯೋಗಾಲಯದಲ್ಲಿ ನಾನು ದಿನವೂ ಮುಟ್ಟುವ ವಸ್ತುಗಳಿವು. ಕೆಟ್ಟರೆ ಊರಲ್ಲೇ ಸಿಗುತ್ತವೆ, ನಾನೇ ಬದಲಿಸಬಲ್ಲೆ.

ತಂತ್ರಾಂಶದಲ್ಲಿ ನಾಲ್ಕನ್ನು ನೋಡಿದೆವು. ಜರ್ಮನಿಯ ಟ್ರೈನ್‌ಕಂಟ್ರೋಲರ್ ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತದೆ, ಹಣ ಕೊಡಬೇಕು. ರೈಲನ್ನು ಪ್ಲಾಟ್‌ಫಾರಂನಲ್ಲಿ ಕರಾರುವಾಕ್ಕಾಗಿ ನಿಲ್ಲಿಸುವ, ವೇಳಾಪಟ್ಟಿಯಂತೆ ಹತ್ತಾರು ರೈಲು ಓಡಿಸುವ ಕೆಲಸದಲ್ಲಿ ಅದಕ್ಕೆ ದೊಡ್ಡ ಹೆಸರಿದೆ. ನೆದರ್ಲೆಂಡ್ಸ್‌ನ ಐಟ್ರೈನ್ ಕೂಡ ಹಣದ್ದೇ, ಆದರೆ ಲಿನಕ್ಸ್‌ನಲ್ಲೂ ನಡೆಯುತ್ತದೆ, ತೆರೆ ಅಚ್ಚುಕಟ್ಟಾಗಿದೆ. ರಾಕ್‌ರೇಲ್ ಹಳಿಯ ಪಕ್ಕದಲ್ಲಿಡುವ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲೂ ಓಡುತ್ತದೆ, ಬ್ಲಾಕಿನಿಂದ ಬ್ಲಾಕಿಗೆ ರೈಲನ್ನು ತಾನೇ ಸಾಗಿಸುವುದೇ ಅದರ ಮುಖ್ಯ ಗುಣ. ಕೊನೆಯದು ಜೆಎಂಆರ್‌ಐ: ಜಾವಾದಲ್ಲಿ ಬರೆದದ್ದು, ಉಚಿತ, ಮೂಲ ಸಂಕೇತವೂ ತೆರೆದಿದೆ. ಇದರಲ್ಲಿ ಎಂಜಿನ್ನಿನ ಡಿಕೋಡರ್ ಹೊಂದಿಸಲು ಡಿಕೋಡರ್‌ಪ್ರೊ, ಸ್ಟೇಷನ್ ಮಾಸ್ಟರ್‌ನ ಮೇಜಿನ ಮೇಲಿರುವಂತಹ ನಕ್ಷೆ ಬರೆಯಲು ಪ್ಯಾನೆಲ್‌ಪ್ರೊ ಇವೆ.

ಸ್ವಯಂಚಾಲನೆಯೇ ಗುರಿಯಾಗಿದ್ದರೆ ನಾನು ಮೊದಲ ಮೂರರಲ್ಲಿ ಒಂದನ್ನು ಹಿಂದೆಮುಂದೆ ನೋಡದೆ ಹೇಳುತ್ತಿದ್ದೆ. ಜೆಎಂಆರ್‌ಐಯಲ್ಲಿ ಎಲ್ಲವನ್ನೂ ನಾವೇ ಕಟ್ಟಬೇಕು, ಬೇಕಾದ ಪಟ್ಟಿ ಯಾವ ಮೂಲೆಯಲ್ಲಿದೆ ಎಂದು ಹುಡುಕಬೇಕು, ಒಂದೇ ಕೆಲಸಕ್ಕೆ ಮೂರು ದಾರಿಗಳಿವೆ. ಆದರೆ ಗೋಡೆಯ ಮೇಲಿನ ಹಾಳೆಯಲ್ಲಿದ್ದದ್ದು ರೈಲು ಓಡಿಸುವ ಮಾತಲ್ಲ, ನಿಯಮ ಪಾಲಿಸುವ ಮಾತು. ನಿಯಮವನ್ನು ನಮ್ಮದೇ ಷರತ್ತುಗಳಾಗಿ ಬರೆಯಲು ಜೆಎಂಆರ್‌ಐ ಬಿಡುತ್ತದೆ. ಈ ಒಂದು ಕಾರಣಕ್ಕೆ ಅದನ್ನು ಆರಿಸಿದೆವು. ಉಳಿದ ಹಣ ರೈಲನ್ನು ಗುರುತಿಸುವ ಉಪಕರಣಗಳಿಗೆ ಹೋಯಿತು.

ದೊಡ್ಡಪ್ಪನಿಗೆ ಒಂದು ಅನುಮಾನವಿತ್ತು: "ಪುಕ್ಕಟೆ ಕೊಡುವವರು ನಾಳೆ ಕೈಬಿಟ್ಟರೆ?" ನ್ಯಾಯವಾದ ಪ್ರಶ್ನೆ. ನಾನು ಅವರಿಗೆ ಜೇಕಬ್ಸನ್ ಮತ್ತು ಕ್ಯಾಟ್ಜರ್ ಮೊಕದ್ದಮೆಯ ಕಥೆ ಹೇಳಿದೆ. ಬಾಬ್ ಜೇಕಬ್ಸನ್ ಭೌತವಿಜ್ಞಾನಿ, ಜೆಎಂಆರ್‌ಐಯ ಪ್ರಮುಖ ನಿರ್ಮಾತೃ. ಮಾದರಿ ರೈಲಿನ ತಂತ್ರಾಂಶ ಮಾರುತ್ತಿದ್ದ ಕ್ಯಾಟ್ಜರ್ ತಮ್ಮ ಯೋಜನೆಯ ಕಡತಗಳನ್ನು ಪರವಾನಗಿಯ ಷರತ್ತು ಪಾಲಿಸದೆ ಬಳಸಿಕೊಂಡರೆಂದು ಜೇಕಬ್ಸನ್ ನ್ಯಾಯಾಲಯಕ್ಕೆ ಹೋದರು. ಮುಕ್ತ ತಂತ್ರಾಂಶದ ಪರವಾನಗಿಯ ಷರತ್ತುಗಳನ್ನು ಮೀರುವುದು ಕೃತಿಸ್ವಾಮ್ಯದ ಉಲ್ಲಂಘನೆಯಾಗಬಲ್ಲದು ಎಂದು 2008ರಲ್ಲಿ ಅಮೆರಿಕದ ಫೆಡರಲ್ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ತೀರ್ಪು ನೀಡಿತು. ಇಂದು ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳು ಬಳಸುವ ಮುಕ್ತ ತಂತ್ರಾಂಶಕ್ಕೂ ಆಸರೆಯಾಗಿ ನಿಂತ ಆ ತೀರ್ಪು ಆಟಿಕೆ ರೈಲಿನ ತಂತ್ರಾಂಶದಿಂದ ಬಂದಿತು ಎಂಬುದು ನನಗೆ ಯಾವಾಗಲೂ ಹೆಮ್ಮೆಯ ಸಂಗತಿ. ದೊಡ್ಡಪ್ಪ ಪೂರ್ತಿ ಕೇಳಿ, "ಹಾಗಾದರೆ ಗಟ್ಟಿ ಜನ," ಎಂದು ಒಪ್ಪಿದರು.

ಹಳಿ ಮುಟ್ಟದೆ ಕಲಿತ ಎರಡು ತಿಂಗಳು

ನಾನು ಹಾಕಿದ ಷರತ್ತು ಒಂದೇ. ಎರಡು ತಿಂಗಳು ಒಂದು ತಂತಿಯನ್ನೂ ಬೆಸುಗೆ ಹಾಕುವುದಿಲ್ಲ. ಜೆಎಂಆರ್‌ಐಯಲ್ಲಿ ನಿಯಂತ್ರಕ ಇಲ್ಲದಿದ್ದರೂ ಇರುವಂತೆ ನಟಿಸುವ ಸಿಮ್ಯುಲೇಟರ್ ಇದೆ. ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ, ದೋಣಿಗಲ್ ಒಂದನ್ನೇ ತೆರೆಯ ಮೇಲೆ ಬರೆದೆವು: ಮೇನ್ ಲೈನ್, ಗಾಡಿಗಳು ಒಂದಕ್ಕೊಂದು ದಾರಿ ಬಿಡುವ ಪಕ್ಕದ ಲೂಪ್ ಲೈನ್, ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಎರಡು ಪಾಯಿಂಟ್, ಗಾಡಿ ಇದೆಯೇ ಎಂದು ತಿಳಿಸುವ ನಾಲ್ಕು ಸೆನ್ಸರ್. ಪ್ರತಿ ಸೆನ್ಸರಿಗೂ ಯಂತ್ರದ ಹೆಸರೊಂದು, ನಾವು ಇಡುವ ಹೆಸರೊಂದು. ಎರಡನೆಯದನ್ನು ಕನ್ನಡದಲ್ಲೇ ಇಟ್ಟೆವು. "ದೋಣಿಗಲ್ ಲೂಪ್" ಎಂದು ತೆರೆಯ ಮೇಲೆ ಕನ್ನಡ ಅಕ್ಷರ ಮೂಡಿದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಮ್ಮೆ ನೋಡಿದರು.

ರೈಲು ಇಲ್ಲದಿದ್ದರೆ ಸೆನ್ಸರ್ ಬದಲಾಗುವುದು ಹೇಗೆ? ದೊಡ್ಡಮ್ಮ ರೈಲಾದರು. ಮೌಸ್ ಹಿಡಿದು ಒಂದೊಂದೇ ಸೆನ್ಸರನ್ನು ಒತ್ತುತ್ತಾ ಗಾಡಿಯನ್ನು ಸಕಲೇಶಪುರದಿಂದ ತರುತ್ತಿದ್ದರು. ದೊಡ್ಡಪ್ಪ ಸಿಗ್ನಲ್ ಕೊಡಬೇಕಿತ್ತು. ಸೆಕ್ಷನ್ ಖಾಲಿಯಿದೆಯೇ, ಪಾಯಿಂಟ್ ಸರಿಯಾಗಿದೆಯೇ ಎಂಬ ಷರತ್ತುಗಳನ್ನು ಒಂದೊಂದಾಗಿ ಲಾಜಿಕ್ಸ್ ಎಂಬ ಭಾಗದಲ್ಲಿ ಬರೆದೆವು. ಸಂಜೆ ಕಾಫಿಯಾದ ಮೇಲೆ ಒಂದು ಗಂಟೆ, ಅದಕ್ಕಿಂತ ಹೆಚ್ಚು ಬೇಡ ಎಂಬ ಕಟ್ಟಳೆ. ಹೊಸದನ್ನು ಕಲಿಯುವ ಹಿರಿಯರಿಗೆ ಈ ಒಂದು ಗಂಟೆಯ ಅಳತೆ ತುಂಬಾ ಮುಖ್ಯ. ಎರಡನೆಯ ಗಂಟೆಯಲ್ಲಿ ಕಲಿತದ್ದು ಮರುದಿನ ನೆನಪಿರುತ್ತಿರಲಿಲ್ಲ.

ಒಂದು ಸಂಜೆಯ ಕೆಲಸ ಪೂರ್ತಿ ಹೋಯಿತು. ಜೆಎಂಆರ್‌ಐಯಲ್ಲಿ ನಕ್ಷೆ ಬದಲಿಸಿದರೆ ಅದನ್ನು ಕಡತವಾಗಿ ನಾವೇ ಉಳಿಸಬೇಕು. ಮಳೆಗೆ ಕರೆಂಟ್ ಹೋಯಿತು, ಲ್ಯಾಪ್‌ಟಾಪಿನ ಬ್ಯಾಟರಿ ಎಂದೋ ಸತ್ತಿತ್ತು. ಅಂದಿನಿಂದ ಪ್ರತಿ ಬದಲಾವಣೆಗೂ ದಿನಾಂಕದ ಹೆಸರಿನ ಹೊಸ ಕಡತ ಇಡುತ್ತೇವೆ.

ಈ ದಿನಗಳಲ್ಲೇ ದೊಡ್ಡಪ್ಪ ನನಗೆ ಮೊದಲ ಪಾಠ ಕಲಿಸಿದರು. ತಂತ್ರಾಂಶ ತೆರೆದ ಕೂಡಲೇ ಪಾಯಿಂಟುಗಳ ಪಕ್ಕದಲ್ಲಿ "ಗೊತ್ತಿಲ್ಲ" ಎಂಬ ಸ್ಥಿತಿ ತೋರುತ್ತದೆ. ಅದನ್ನು ಕಿರಿಕಿರಿ ಎಂದು ಭಾವಿಸಿ ಮರೆಮಾಡಲು ಹೊರಟಿದ್ದೆ. ಅವರು ಕೈ ತಡೆದರು. "ಗೊತ್ತಿಲ್ಲ ಎಂದು ಹೇಳುವ ಯಂತ್ರವೇ ನಂಬಿಕಸ್ಥ. ಗೊತ್ತಿಲ್ಲದಿದ್ದರೆ ಗಾಡಿ ಇದೆ ಎಂದೇ ತಿಳಿಯಬೇಕು." ನಾನು ಬರೆದ ಷರತ್ತುಗಳಲ್ಲಿ "ಗಾಡಿ ಇದ್ದರೆ ತಡೆ" ಎಂದಿತ್ತು. ಎಲ್ಲವನ್ನೂ ಅಳಿಸಿ "ಖಾಲಿ ಎಂದು ಖಚಿತವಾದರೆ ಮಾತ್ರ ಬಿಡು" ಎಂದು ತಿರುಗಿಸಿ ಬರೆದೆ.

ಹಳಿಯ ಮೇಲೆ

ಮೂರನೆಯ ತಿಂಗಳಿನಿಂದ ಹಳಿಯನ್ನು ಒಂಬತ್ತು ಬ್ಲಾಕುಗಳಾಗಿ ಕತ್ತರಿಸಿ, ಪ್ರತಿಯೊಂದಕ್ಕೂ ವಿದ್ಯುತ್ ಪ್ರವಾಹ ಗುರುತಿಸುವ ಉಪಕರಣ ಜೋಡಿಸಿದೆವು. ಏಳು ಪಾಯಿಂಟುಗಳನ್ನು ತಿರುಗಿಸಲು ಏಳು ಪುಟ್ಟ ಸರ್ವೋ ಮೋಟರ್. ಹೊಸ ಎಂಜಿನ್‌ಗಳೆಲ್ಲ ಸಾಮಾನ್ಯವಾಗಿ 3 ಎಂಬ ವಿಳಾಸದಲ್ಲೇ ಬರುತ್ತವೆ. ಮೊದಲ ದಿನ ಒಂದಕ್ಕೆ ಆಜ್ಞೆ ಕೊಟ್ಟರೆ ಎರಡು ಹೊರಟವು. ಡಿಕೋಡರ್‌ಪ್ರೊದಲ್ಲಿ ವಿಳಾಸ ಬದಲಿಸಿದ ಮೇಲೆ ಸರಿಯಾಯಿತು. ಘಾಟಿಯ ವೇಗಮಿತಿ ಗಂಟೆಗೆ 30 ಕಿಲೋಮೀಟರ್. ಅದನ್ನು 87ರಿಂದ ಭಾಗಿಸಿದರೆ ಒಂದು ಮೀಟರ್ ಹಳಿಗೆ ಹತ್ತು ಸೆಕೆಂಡಿಗಿಂತ ತುಸು ಹೆಚ್ಚು. ಗಡಿಯಾರ ಹಿಡಿದು ನಾಲ್ಕೂ ಎಂಜಿನ್‌ಗಳ ಗರಿಷ್ಠ ವೇಗವನ್ನು ಅಷ್ಟಕ್ಕೆ ಇಳಿಸಿದೆವು.

ಪಾಯಿಂಟಿನ ವಿಷಯದಲ್ಲಿ ನಾನು ಅವಸರ ಮಾಡಿದೆ. ಆಜ್ಞೆ ಕೊಟ್ಟ ಕೂಡಲೇ ಪಾಯಿಂಟ್ ತಿರುಗಿತು ಎಂದು ನಂಬುವುದು ಜೆಎಂಆರ್‌ಐಯ ಸರಳ ವಿಧಾನ, ಅದನ್ನೇ ಇಟ್ಟಿದ್ದೆ. ಗುಡ್ಡದ ಹುಲ್ಲಿಗೆಂದು ಅಂಟಿಸಿದ್ದ ತೆಂಗಿನ ನಾರಿನ ಒಂದೆಳೆ ಯಡಕುಮರಿಯ ಪಾಯಿಂಟಿನ ಸಂದಿಗೆ ಸಿಕ್ಕಿಕೊಂಡಿತು. ತೆರೆ ಹಸಿರು ತೋರಿಸಿತು, ಎಂಜಿನ್ ಹಳಿ ತಪ್ಪಿತು. "ಪಾಯಿಂಟ್ ಕೂತಿದೆ ಎಂದು ಪಾಯಿಂಟೇ ಹೇಳಬೇಕು, ನೀನಲ್ಲ," ಎಂದರು ದೊಡ್ಡಪ್ಪ. ಪ್ರತಿ ಪಾಯಿಂಟಿನ ಪಕ್ಕಕ್ಕೂ ಟಿಕ್ ಎನ್ನುವ ಮೈಕ್ರೋಸ್ವಿಚ್ ಬಂತು. ಒಂಬತ್ತು ಬ್ಲಾಕ್, ಏಳು ಸ್ವಿಚ್, ಒಟ್ಟು ಹದಿನಾರು. ನಾವು ತಂದಿದ್ದ ವಿಸ್ತರಣಾ ಬೋರ್ಡಿನಲ್ಲಿ ಸರಿಯಾಗಿ ಹದಿನಾರು ಪ್ರವೇಶಗಳಿದ್ದವು. ಖುಷಿಪಟ್ಟೆ. ಆದರೆ ಒಂದೇ ಸ್ವಿಚ್ ಇದ್ದರೆ ನಡುವೆ ಸಿಕ್ಕಿಕೊಂಡ ಪಾಯಿಂಟನ್ನೂ "ಇನ್ನೊಂದು ಕಡೆ ಇದೆ" ಎಂದೇ ಓದುತ್ತದೆ. ಗಾಡಿ ಬರುವಾಗ ಹಳಿ ಮುಂದೆ ಎರಡಾಗಿ ಕವಲೊಡೆಯುವ ಪಾಯಿಂಟ್‌ಗಳಿಗೆ ಎರಡೂ ಕಡೆ ಸ್ವಿಚ್ ಹಾಕಲೇಬೇಕೆಂದು ಅವರು ಪಟ್ಟು ಹಿಡಿದರು. ಎರಡನೆಯ ಬೋರ್ಡ್ ತಂದೆವು.

ಕೊನೆಯ ಬೋಗಿಯ ಸಂಗತಿ ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ನಮ್ಮ ಉಪಕರಣ ಗುರುತಿಸುವುದು ವಿದ್ಯುತ್ತನ್ನು. ಎಂಜಿನ್ ವಿದ್ಯುತ್ ಬಳಸುತ್ತದೆ, ಬೋಗಿ ಬಳಸುವುದಿಲ್ಲ. ಒಂದು ಭಾನುವಾರ ಏರಿನಲ್ಲಿ ಕೊಂಡಿ ಕಳಚಿ ನಾಲ್ಕು ವ್ಯಾಗನ್ ಹಿಂದೆ ಉಳಿದವು. ಎಂಜಿನ್ ಮುಂದಿನ ಬ್ಲಾಕಿಗೆ ಹೋಯಿತು. ಹಿಂದಿನ ಬ್ಲಾಕ್ ಖಾಲಿ ಎಂದು ತೆರೆ ತೋರಿಸಿತು. ಎರಡನೆಯ ಗಾಡಿಗೆ ಸಿಗ್ನಲ್ ಬಿತ್ತು. ಕೈಯಿಂದ ನಿಲ್ಲಿಸಿದೆವು.

ಬೋಗಿಯೂ ಸ್ವಲ್ಪ ವಿದ್ಯುತ್ ಬಳಸಲೆಂದು ನಾನು ಪ್ರತಿ ಬೋಗಿಯ ಅಚ್ಚಿಗೂ ರೆಸಿಸ್ಟರ್ ಹಾಕುವ ಲೆಕ್ಕ ಶುರುಮಾಡಿದೆ. ಮೂವತ್ತೆಂಟು ಬೋಗಿಗಳಿದ್ದವು. ದೊಡ್ಡಪ್ಪ ಸುಮ್ಮನೆ ಒಳಗೆ ಹೋಗಿ ತಮ್ಮ ಹಳೆಯ ನಿಯಮ ಪುಸ್ತಕ ತಂದರು. ಗಾಡಿ ನಿಲ್ದಾಣಕ್ಕೆ ಬಂದಾಗ ಸ್ಟೇಷನ್ ಮಾಸ್ಟರ್ ಎಂಜಿನ್ ನೋಡಿ ಸೆಕ್ಷನ್ ಬಿಡಿಸುವುದಿಲ್ಲ. ಕೊನೆಯ ಬೋಗಿಯ ಹಿಂದೆ ತೂಗುವ ಫಲಕವನ್ನೋ ಕೆಂಪು ದೀಪವನ್ನೋ ಕಣ್ಣಾರೆ ಕಂಡ ಮೇಲೆಯೇ ಗಾಡಿ ಪೂರ್ತಿ ಬಂದಿದೆ ಎಂದು ತಿಳಿಸಬೇಕು. "ಎಲ್ಲದಕ್ಕೂ ಏಕೆ? ಕೊನೆಯದಕ್ಕೆ ಹಾಕು," ಎಂದರು. ಆರು ಕೊನೆಯ ಬೋಗಿಗಳನ್ನು ಆರಿಸಿ, ಅವುಗಳ ಅಚ್ಚಿನ ಮೇಲೆ ಸಾಸಿವೆ ಕಾಳಿಗಿಂತ ಚಿಕ್ಕದಾದ 10 ಕಿಲೋ ಓಮ್ ರೆಸಿಸ್ಟರನ್ನು ಅಂಟಿಸಿ, ವಿದ್ಯುತ್ ಹರಿಸುವ ಬಣ್ಣದಿಂದ ಎರಡು ಚಕ್ರಗಳಿಗೂ ಸೇರಿಸಿದೆವು. ಒಂದೂವರೆ ಮಿಲಿಆಂಪಿಯರಿನಷ್ಟು ವಿದ್ಯುತ್ ಸಾಕು, ಉಪಕರಣ ಗುರುತು ಹಿಡಿಯುತ್ತದೆ. ಅದೇ ಬೋಗಿಗಳ ಹಿಂದೆ ಅವರು ಕೆಂಪು ಚುಕ್ಕೆಯನ್ನೂ ಇಟ್ಟರು. ಚಕ್ರಕ್ಕೆ ಧೂಳು ಕೂತಾಗ ಸೆನ್ಸರ್ ಮಿನುಗುತ್ತಿತ್ತು. ಖಾಲಿಯಾಯಿತು ಎಂದು ಒಪ್ಪುವ ಮೊದಲು ಒಂದೂವರೆ ಸೆಕೆಂಡ್ ಕಾಯುವಂತೆ ಜೆಎಂಆರ್‌ಐಯಲ್ಲಿ ವಿಳಂಬ ಕೊಟ್ಟಮೇಲೆ ಅದೂ ನಿಂತಿತು.

ಮಾರ್ಚ್ ತಿಂಗಳ ದೋಷ

ಮಾರ್ಚ್‌ನಲ್ಲಿ ಹೊಸ ತೊಂದರೆ ಬಂತು. ಒಂದೇ ಗಾಡಿ, ಆದರೆ 4 ಮತ್ತು 5ನೆಯ ಬ್ಲಾಕ್ ಎರಡೂ ತೆರೆಯ ಮೇಲೆ ಕೆಂಪಾಗುತ್ತಿದ್ದವು, ಅಂದರೆ ಎರಡರಲ್ಲೂ ಗಾಡಿ ಇದೆ ಎಂದು ತೋರುತ್ತಿತ್ತು. ಲೈನ್ ಕ್ಲಿಯರ್ ಸಿಗುತ್ತಿರಲಿಲ್ಲ. ನಾನು ಬರುವುದು ಸಂಜೆ ಆರರ ಮೇಲೆ, ಆಗ ಎಲ್ಲ ಸರಿಯಿರುತ್ತಿತ್ತು. ತಂತ್ರಾಂಶದ್ದೇ ತಪ್ಪೆಂದು ತೀರ್ಮಾನಿಸಿ ಹಳೆಯ ಆವೃತ್ತಿಗೆ ಹಿಂದಿರುಗಿದೆ, ಷರತ್ತುಗಳನ್ನು ಮತ್ತೆ ಬರೆದೆ, ಕೇಬಲ್ ಬದಲಿಸಿದೆ. ಎರಡು ವಾರ ಹೋಯಿತು.

ದೊಡ್ಡಪ್ಪ ಮೊದಲ ದಿನದಿಂದಲೂ ಒಂದು ರಿಜಿಸ್ಟರ್ ಬರೆಯುತ್ತಿದ್ದರು. ಉದ್ದ ಗೆರೆಯ ಲೆಕ್ಕದ ಪುಸ್ತಕ, ಎಡಗಡೆ ಸಮಯ, ನಡುವೆ ಗಾಡಿ, ಬಲಗಡೆ ಷರಾ. ಅಭ್ಯಾಸ ಬಿಟ್ಟಿರಲಿಲ್ಲ. ಅದನ್ನು ತೆರೆದು ಬೆರಳಿಟ್ಟು ತೋರಿಸಿದರು: 13.40, ಜೋಡಿ ಕೆಂಪು. 14.25, ಜೋಡಿ ಕೆಂಪು. 15.10, ಜೋಡಿ ಕೆಂಪು. 17.30, ಸರಿ. ಮರುದಿನವೂ ಹಾಗೆಯೇ. ದೊಡ್ಡಮ್ಮ ಬಾಗಿಲಲ್ಲಿ ನಿಂತಿದ್ದರು. "ಆ ಹೊತ್ತಿಗೆ ನಾನು ಸಂಡಿಗೆ ಮಗುಚಲು ಬರುತ್ತೇನೆ. ಶೀಟು ಕಾದು ಈ ಕೋಣೆಯಲ್ಲಿ ನಿಲ್ಲುವುದಕ್ಕಾಗುವುದಿಲ್ಲ," ಎಂದರು.

ಮರುದಿನ ರಜೆ ಹಾಕಿ ಮಧ್ಯಾಹ್ನ ಎರಡು ಗಂಟೆಗೆ ಬಂದು ಟಾರ್ಚ್ ಹಿಡಿದು ನೋಡಿದೆ. 4 ಮತ್ತು 5ನೆಯ ಬ್ಲಾಕಿನ ನಡುವೆ ಗರಗಸದಿಂದ ಕತ್ತರಿಸಿದ್ದ ಅರ್ಧ ಮಿಲಿಮೀಟರ್ ಸೀಳು ಮುಚ್ಚಿಹೋಗಿತ್ತು. ಎರಡು ಹಳಿಗಳ ತುದಿ ಒಂದಕ್ಕೊಂದು ತಾಗಿ ಕೂತಿದ್ದವು. ಒಂದು ಮೀಟರ್ ಹಳಿ 15 ಡಿಗ್ರಿ ಬಿಸಿಯೇರಿದರೆ ಸುಮಾರು ಕಾಲು ಮಿಲಿಮೀಟರ್ ಬೆಳೆಯುತ್ತದೆ. ಅಲ್ಲಿ ಮೂರು ಮೀಟರ್ ಹಳಿ ಒಂದೇ ಸಮನೆ ಇತ್ತು. ಅದರ ಮೇಲೆ ಬೇಸಿಗೆಯ ಒಣಹವೆಗೆ ಸಿಲ್ವರ್ ಮರವೂ ಕುಗ್ಗಿತ್ತು. ಸಂಜೆ ತಂಪಾದರೆ ಸೀಳು ಮತ್ತೆ ತೆರೆದುಕೊಳ್ಳುತ್ತಿತ್ತು. ತಂತ್ರಾಂಶ ಎರಡು ವಾರವೂ ನಿಜವನ್ನೇ ಹೇಳಿತ್ತು: ವಿದ್ಯುತ್ತಿನ ಲೆಕ್ಕದಲ್ಲಿ ಅದು ಒಂದೇ ಬ್ಲಾಕ್.

ಹಳೆಯ ಸಿಮ್ ಕಾರ್ಡುಗಳ ದೊಡ್ಡ ಚೌಕಟ್ಟುಗಳು ಮನೆಯಲ್ಲಿ ಬಿದ್ದಿದ್ದವು. ಮುಕ್ಕಾಲು ಮಿಲಿಮೀಟರ್ ದಪ್ಪ. ಪ್ರತಿ ಸೀಳನ್ನೂ ಸ್ವಲ್ಪ ಅಗಲಿಸಿ, ಆ ಪ್ಲಾಸ್ಟಿಕ್ಕಿನ ಚೂರು ಕೂರಿಸಿ, ಅಂಟು ಹಾಕಿ, ಹಳಿಯ ಆಕಾರಕ್ಕೆ ಅರದಿಂದ ಉಜ್ಜಿದೆವು. ಎಲ್ಲವನ್ನೂ ಮುಗಿಸಲು ನಾಲ್ಕು ದಿನ ಹಿಡಿಯಿತು. ಮೂರು ಮೀಟರಿನ ಓಟದಲ್ಲಿ ಹಳಿಗೆ ಹಿಗ್ಗಲು ಬೇರೆ ಎರಡು ಕಡೆ ಸಂದಿಯನ್ನೂ ಬಿಟ್ಟೆವು. ಏಪ್ರಿಲ್‌ನ ಸುಡುಬಿಸಿಲಿನಲ್ಲೂ ಜೋಡಿ ಕೆಂಪು ಮತ್ತೆ ಬರಲಿಲ್ಲ.

ಈಗಿನ ಸ್ಥಿತಿ

ಸಂಜೆ ಐದರ ಹೊತ್ತಿಗೆ ದೊಡ್ಡಪ್ಪ ಯಡಕುಮರಿಯ ಕುರ್ಚಿಯಲ್ಲಿ ಕೂರುತ್ತಾರೆ. ದೋಣಿಗಲ್ ಕಡೆಯ ಗಾಡಿಗಳನ್ನು ನಾನು ಬರೆದ ಸಣ್ಣ ಸ್ಕ್ರಿಪ್ಟುಗಳು ನಡೆಸುತ್ತವೆ. ಗಂಟೆಯ ಸದ್ದಾಗುತ್ತದೆ, ಅವರು ತೆರೆಯ ಮೇಲೆ ಲೈನ್ ಕ್ಲಿಯರ್ ಒತ್ತುತ್ತಾರೆ. ಸೆಕ್ಷನ್ ಖಾಲಿಯಿಲ್ಲದಿದ್ದರೆ ಗುಂಡಿ ಒಪ್ಪುವುದಿಲ್ಲ. ರಜೆಗೆ ಬಂದ ಮೊಮ್ಮಕ್ಕಳು ಮೊಬೈಲಿನಿಂದ ಎಂಜಿನ್ ಓಡಿಸುತ್ತಾರೆ. ಅವರೂ ಸಿಗ್ನಲ್ ನೋಡಿಯೇ ಹೊರಡಬೇಕು.

ಒಂದು ಕೆಲಸ ಬಾಕಿ ಇದೆ. ಘಾಟಿಯಲ್ಲಿ ಭಾರದ ಗೂಡ್ಸ್ ಗಾಡಿಗೆ ಹಿಂದಿನಿಂದ ಬ್ಯಾಂಕರ್ ಎಂಜಿನ್ ಒತ್ತು ಕೊಡುತ್ತದೆ. ಮಾದರಿಯಲ್ಲೂ ಅದು ಆಗಬೇಕೆಂಬುದು ಅವರ ಹಟ. ಮುಂದಿನ ಎಂಜಿನ್ನೂ ಹಿಂದಿನದೂ ಒಂದೇ ವೇಗದಲ್ಲಿ ನಡೆಯದಿದ್ದರೆ ನಡುವಿನ ಹಗುರ ವ್ಯಾಗನ್‌ಗಳು ತಿರುವಿನಲ್ಲಿ ಎದ್ದು ಬೀಳುತ್ತವೆ. ಎರಡೂ ಎಂಜಿನ್‌ಗಳ ವೇಗವನ್ನು ಇಪ್ಪತ್ತೆಂಟು ಹಂತಗಳಲ್ಲಿ ಅಳೆದು ಹೊಂದಿಸುತ್ತಿದ್ದೇವೆ. ಹನ್ನೊಂದನೆಯ ಹಂತದವರೆಗೆ ಬಂದಿದ್ದೇವೆ. ಪ್ರತಿ ಅಳತೆಯೂ ರಿಜಿಸ್ಟರಿನ ಬಲಗಡೆಯ ಷರಾದಲ್ಲಿ ದೊಡ್ಡಪ್ಪನ ದುಂಡು ಅಕ್ಷರದಲ್ಲಿದೆ.